ಕರ್ನಲ್ ಸಾಹೇಬರ ವೋಲ್ಟೇಜು

ಬಸವೇಶ್ವರನಗರ, ಬೆಂಗಳೂರು
ಸೋಮವಾರ, ೧೦ ಮಾರ್ಚ್ ೨೦೨೫

ಪ್ರೀತಿಯ ಅಪ್ಪಾಜಿ,

ಶರಣು. ಹೇಗಿದ್ದೀರಿ? ಕೈ ನಡುಕ ಕಡಿಮೆಯಾಗಿದೆಯೆಂದು ನಿಮ್ಮ ಅಕ್ಷರ ನೋಡಿಯೇ ತಿಳಿಯಿತು. ಹೋದ ಸಲದ ಕಾಗದ ಕೋಳಿ ಕೆದರಿದ ಹಾಗಿತ್ತು. ನಿದ್ದೆ ಬರುತ್ತಿದೆಯೆ? ಅಲ್ಲಿನ ಸಾರಿನಲ್ಲಿ ಉಪ್ಪೇ ಇಲ್ಲ ಎಂದು ದೂರಿದ್ದೀರಿ. ಬಿ.ಪಿ. ಇರುವವರಿಗೆ ಯಾರು ಉಪ್ಪು ಸುರಿಯುತ್ತಾರೆ? ಕುಡಿತ ಬಿಡಿಸುವ ಕೇಂದ್ರದಲ್ಲಿ ಫೋನ್ ಕೊಡದಿರುವುದರಿಂದ ನನಗೆ ಕಾಗದ ಬರೆಯುವ ರೂಢಿಯಾಯಿತು, ಅಷ್ಟೇ ಲಾಭ. ಬರುವ ಭಾನುವಾರಕ್ಕೆ ಇಪ್ಪತ್ತೈದು ದಿನವಾಗುತ್ತದೆ, ಬಂದು ಮನೆಗೆ ಕರೆದುಕೊಂಡು ಹೋಗು ಎಂದು ಬರೆದಿದ್ದೀರಿ. ಅದನ್ನೇ ಯೋಚಿಸುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಒಬ್ಬಳಿಗೆ ಅಕ್ಕಿ ಹಾಕುವ ಅಳತೆ ಇನ್ನೂ ಕೈಗೆ ಬಂದಿಲ್ಲ, ದಿನವೂ ಅನ್ನ ಮಿಗುತ್ತದೆ. ಅವ್ವ ಹೋದಾಗ ನೀವಾದರೂ ಇದ್ದಿರಿ, ಬೈಯುವುದಕ್ಕಾದರೂ. ಈಗ ತುಂಬ ಒಂಟಿ ಅನ್ನಿಸುತ್ತದೆ ಅಪ್ಪಾಜಿ. ನೀವು ನಮ್ಮೂರು ರಾಣೆಬೆನ್ನೂರಿಗೆ ಹೋಗಿದ್ದೀರಿ ಎಂದು ಮೇಲಿನ ಮನೆಯ ಓನರ್ ಲಕ್ಷ್ಮಿದೇವಮ್ಮ ಆಂಟಿಗೆ ಹೇಳಿಟ್ಟಿದ್ದೇನೆ. ಗೇಟಿನಲ್ಲಿ ಸಿಕ್ಕಾಗಲೆಲ್ಲ ಅವರು, "ಅಪ್ಪನ್ನ ನೋಡೋಕೆ ಹೋಗಲ್ವಾ? ಕರ್ನಲ್ ಸಾಹೇಬ್ರು ರಜಾ ಕೊಡಲ್ವಾ?" ಎನ್ನುತ್ತಾರೆ. ಎಲ್ಲ ನಿಮ್ಮ ಪ್ರತಾಪ! ನಾನು ಆಫೀಸಿನವರ ಜೊತೆ ಕರ್ನಲ್, ಗವರ್ನರ್ ಎಂದು ಮಾತನಾಡಿದ್ದನ್ನು ಕೇಳಿಸಿಕೊಂಡು, "ನಮ್ಮ ವಚನಾ ಕರ್ನಲ್ ಕೈಯಾಗ ಕೆಲಸ ಮಾಡ್ತಾಳ್ರೀ, ಗವರ್ನರ್ ಸೈತ ಆಕಿ ಹೇಳಿದಂಗ ಕೇಳ್ತಾರ" ಎಂದು ಬೀದಿಗೆಲ್ಲ ಡಂಗುರ ಹೊಡೆದವರು ನೀವು.

ಇನ್ನೊಮ್ಮೆ ಹೇಳುತ್ತೇನೆ, ಮೋಟಾರ್ ರಿವೈಂಡಿಂಗ್ ಮಾಡಿದ ಕೈ ನಿಮ್ಮದು, ಅರ್ಥವಾಗುತ್ತದೆ. ಕರ್ನಲ್ ಎಂದರೆ ಕಂಪ್ಯೂಟರಿನ ತಳದಲ್ಲಿ ಕುಳಿತು ಎಲ್ಲವನ್ನೂ ನಡೆಸುವ ಪ್ರೋಗ್ರಾಂ. ಅದರೊಳಗಿನ ಗವರ್ನರ್, ಕೆಲಸ ಹೆಚ್ಚಿದ್ದಾಗ ಪ್ರೊಸೆಸರಿನ ವೇಗ ಏರಿಸುತ್ತದೆ, ಇಲ್ಲದಾಗ ಇಳಿಸುತ್ತದೆ. ಪ್ರತಿ ವೇಗಕ್ಕೂ ಇಂತಿಷ್ಟು ವೋಲ್ಟೇಜ್ ಎಂಬ ಪಟ್ಟಿಯಿದೆ. ಅದನ್ನು ತಿದ್ದುವುದು ನನ್ನ ಕೆಲಸ. ಹಳ್ಳಿಯ ಡೈರಿಗಳಲ್ಲಿ ಹಾಲಿನ ಲೆಕ್ಕ ಇಡಲು ನಾವು ಕೊಡುವ ಪೆಟ್ಟಿಗೆಗೆ ಫ್ಯಾನ್ ಇಲ್ಲ, ಕಾದುಹೋಗುತ್ತದೆ. ವೋಲ್ಟೇಜ್ ಇಳಿಸಿದರೆ ತಣ್ಣಗಿರುತ್ತದೆ, ಅತಿಯಾಗಿ ಇಳಿಸಿದರೆ ನಿಂತೇ ಹೋಗುತ್ತದೆ. ಕೂದಲೆಳೆಯಷ್ಟು ಇಳಿಸಬೇಕು, ಇಡೀ ದಿನ ಓಡಿಸಿ ನೋಡಬೇಕು, ಆಮೇಲೆ ಇನ್ನೊಂದು ಕೂದಲೆಳೆ. ಹೋದ ವಾರ ನನಗೆ ತಾಳ್ಮೆ ತಪ್ಪಿತು. ನಾಲ್ಕು ದಿನದ್ದನ್ನು ಒಂದೇ ಸಲ ಇಳಿಸಿದೆ. ಎರಡು ಗಂಟೆ ಚೆನ್ನಾಗಿ ಓಡಿತು, ಆಯಿತೆಂದು ಡೈರಿಗಳಿಗೆ ಕಳಿಸಿಬಿಟ್ಟೆ. ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ, ಸಂಜೆ ಜನ ಕ್ಯಾನ್ ಹಿಡಿದು ಸಾಲು ನಿಂತಿರುವಾಗ ಪೆಟ್ಟಿಗೆ ನಿಂತುಹೋಯಿತು. ನಮ್ಮ ಮೇಲಧಿಕಾರಿ ಮಧ್ವೇಶ್ ಸಾರ್ ಬೈಯಲಿಲ್ಲ. "ಟೇಬಲ್ ಮೇಲೆ ಓಡಿದ್ರೆ ಆಯ್ತಾ ವಚನಾ? ಅಲ್ಲಿ ಓಡ್ಬೇಕು" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆಫೀಸಿನ ಟಾಯ್ಲೆಟ್ಟಿಗೆ ಹೋಗಿ ಅತ್ತೆ.

ವಿಭೂತಿ ಗಟ್ಟಿ, ಎರಡು ಬನಿಯನ್ ಇದರ ಜೊತೆ ಕಳಿಸಿದ್ದೇನೆ. ಪೂಜೆ ತಪ್ಪಿಸಬೇಡಿ. ಪಕ್ಕದ ಮಂಚದ ಮರೆಪ್ಪನವರಿಗೂ ನನ್ನ ಶರಣು ಹೇಳಿ.

ನಿಮ್ಮ ಮಗಳು,
ವಚನಾ

ತಾ.ಕ.: ಸುತ್ತಿ ಬಳಸಿ ಬರೆದೆ, ಕ್ಷಮಿಸಿ. ಭಾನುವಾರ ನಿಮ್ಮನ್ನು ಕರೆತರುವುದಿಲ್ಲ. ಕಳೆದ ವರ್ಷ ನೀವು ಅತ್ತಿರೆಂದು ಇಪ್ಪತ್ತೇ ದಿನಕ್ಕೆ ಕರೆತಂದೆ. ಹತ್ತನೆಯ ದಿನ ದೀಪಾಂಜಲಿ ನಗರದ ಮೆಟ್ರೋ ಮೆಟ್ಟಿಲ ಬಳಿ ಬಿದ್ದಿದ್ದ ನಿಮ್ಮನ್ನು ಎತ್ತಿ ಆಟೋದಲ್ಲಿ ಕೂರಿಸಿದೆ. ಡಾಕ್ಟರು ಹೇಳಿದಂತೆ ಇನ್ನೆರಡು ತಿಂಗಳಿಗೆ ಸಹಿ ಹಾಕಿದ್ದೇನೆ. ಭಾನುವಾರ ಹನ್ನೊಂದು ಗಂಟೆಗೆ ನೋಡಲು ಮಾತ್ರ ಬರುತ್ತೇನೆ. ಸಿಟ್ಟಿದ್ದರೆ ಮಾತನಾಡಬೇಡಿ, ಆದರೆ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ.