ನನ್ನ ಎತ್ತಿಗೆ ಕೊಟ್ಟ ಸೊಂಟನೋವಿನ ಔಷಧ

ನಮ್ಮ ಸೀಮೆಯ ಧರ್ಮಾಸ್ಪತ್ರೆಗಳ ಮೇಲ್ವಿಚಾರಣೆ ನೋಡುವ ವೈದ್ಯಾಧಿಕಾರಿಗಳ ಸಮ್ಮುಖಕ್ಕೆ,

ಮಾನ್ಯರೇ,

ನನ್ನ ಎತ್ತಿಗೆ ಸೊಂಟನೋವಿಲ್ಲ. ಅದಕ್ಕಿರುವ ಕಾಯಿಲೆ ಒಂದೇ, ಸೋಮಾರಿತನ. ಆದರೂ ಕಳೆದ ಸಂತೆಯ ದಿನ ತಮ್ಮ ಅಧೀನದ ಒಂದು ಆಸ್ಪತ್ರೆಯಿಂದ ಅದರ ಹೆಸರಿಗೆ ಒಂದು ಸೀಸೆ ಔಷಧ ಬಂದಿದೆ. ‘ಚಿನ್ನ, ಹಳೆಯ ಸೊಂಟನೋವು, ದಿನಕ್ಕೆ ಮೂರು ಸಲ, ಊಟವಾದ ಮೇಲೆ’ ಎಂದು ಮೇಲೆ ಚೀಟಿ ಅಂಟಿಸಿದ್ದಾರೆ. ಚಿನ್ನನಿಗೆ ಊಟವಾದ ಮೇಲೆ ಎಂಬ ಹೊತ್ತೇ ಇಲ್ಲ; ಬೆಳಗಿನಿಂದ ಸಂಜೆಯವರೆಗೂ ಅದು ಊಟದಲ್ಲೇ ಇರುತ್ತದೆ. ಯಾವಾಗ ಕುಡಿಸಬೇಕೆಂದು ಕೇಳೋಣವೆಂದರೆ ಬರೆದುಕೊಟ್ಟವರು ಅದನ್ನು ನೋಡಿಯೇ ಇಲ್ಲ. ಆದ್ದರಿಂದ ತಮ್ಮನ್ನೇ ಕೇಳುತ್ತಿದ್ದೇನೆ, ಊರೆಲ್ಲ ಓದಲಿ ಎಂದು ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ನನ್ನ ದೂರು ಇಷ್ಟು. ತಮ್ಮ ಆಸ್ಪತ್ರೆ ಸೀಸೆಯನ್ನು ನೋಡುತ್ತದೆ, ಕುಡಿಯುವವರನ್ನು ನೋಡುವುದಿಲ್ಲ. ನನ್ನ ಅಕ್ಕ ಬೋಜಮ್ಮ ಹತ್ತು ವರ್ಷಗಳಿಂದ ಇದೇ ಸೊಂಟನೋವಿನ ಔಷಧ ಕುಡಿಯುತ್ತಿದ್ದಾಳೆ. ಮೊದಲ ದಿನ ಒಂದು ಬಿಟ್ಟರೆ ಇಂದಿನವರೆಗೆ ಯಾವ ಡಾಕ್ಟರೂ ಅವಳ ಮುಖ ನೋಡಿಲ್ಲ.

ಬರೆಯುತ್ತಿರುವವನು ಯಾರೆಂದು ತಾವು ಕೇಳಬಹುದು. ನಾಡಿನಲ್ಲಿ ನನ್ನನ್ನು ಚಿಕ್ಕವರು ದೊಡ್ಡವರು ಎಲ್ಲರೂ ಮಾವ ಎನ್ನುತ್ತಾರೆ. ಊರ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿದ್ದೇನೆ. ಐದನೆಯದು ಅಲ್ಲಿ ಇರಲಿಲ್ಲ, ಇದ್ದಿದ್ದರೆ ಅದನ್ನೂ ಮುಗಿಸುತ್ತಿದ್ದೆ. ನನ್ನ ಅಕ್ಷರ ನೋಡಿ ಮೇಷ್ಟ್ರು ‘ಇವನು ಸುಬೇದಾರನಾಗಬೇಕಾದವನು’ ಎಂದಿದ್ದರು. ಹುತ್ತರಿ ಹಬ್ಬದಲ್ಲಿ ಹೊಸ ಭತ್ತದ ಕದಿರು ತೆಗೆಯುವಾಗ ಮೊದಲ ಗುಂಡು ಹಾರಿಸುವವನು ನಾನು. ಪ್ರಾಯದಲ್ಲಿ ಒಂದು ಹುಲಿ ಹೊಡೆದಿದ್ದೇನೆ. ಆ ಹುಲಿಯ ಸಂಗತಿ ಕೇಳದವರು ನಮ್ಮ ನಾಡಿನಲ್ಲಿ ಇಲ್ಲ; ಒಂದೇ ಸಲ ಕೇಳಿದವರೂ ಇಲ್ಲ.

ಹುಲಿಯ ಪ್ರಸ್ತಾಪ ಸುಮ್ಮನೆ ಮಾಡಲಿಲ್ಲ. ನಾನು ಜಗಲಿಯಲ್ಲಿ ಕುಳಿತು ಆ ಕಥೆ ಶುರು ಮಾಡಿದರೆ ಒಳಗಿನಿಂದ ಬೋಜಮ್ಮನ ದನಿ ಬರುತ್ತಿತ್ತು. “ಏ ಮೊಣ್ಣ, ಹೋದ ವರ್ಷ ಅದು ಆರು ಮೊಳ ಇತ್ತು, ಈ ವರ್ಷ ಎಂಟು ಮೊಳ. ಸತ್ತ ಮೇಲೂ ಬೆಳೆಯೋ ಹುಲಿ ನಿಂದೊಂದೇ ನೋಡು!” ಬಂದವರು ನನ್ನ ಕಥೆ ಕೇಳಲು ಬರುತ್ತಿದ್ದರೋ ಅವಳ ಮಾತು ಕೇಳಲು ಬರುತ್ತಿದ್ದರೋ, ನನಗೆ ಈಗಲೂ ಸಂಶಯವಿದೆ. “ಹುಲಿ ಎಲ್ಲಿತ್ತು? ಕೋಳಿ ಕದಿಯೋಕೆ ಬಂದ ಕಾಡುಬೆಕ್ಕು ಅದು. ಬಾಲ ನಾನೇ ಹಿಡಿದು ಹೊರಗೆ ಎಸೆದಿದ್ದೆ” ಎಂದು ಅವಳು ಹೇಳಿದ ಮೇಲೆ ನಾನು ಎಲೆಅಡಿಕೆಯ ತಟ್ಟೆ ಎಳೆದುಕೊಳ್ಳುತ್ತಿದ್ದೆ. ಗಂಡ ತೀರಿಹೋಗಿ, ಕೂಸು ಸಣ್ಣಿಯನ್ನು ಎತ್ತಿಕೊಂಡು ತವರಿಗೆ ಬಂದವಳು ಅವಳು. ಆ ಮನೆಯನ್ನು ನಡೆಸಿದ್ದೂ ಅವಳೇ, ನನ್ನನ್ನು ನೆಲದ ಮೇಲೆ ಇಟ್ಟದ್ದೂ ಅವಳೇ.

ದೊರೆಗಳ ದೊಡ್ಡ ಯುದ್ಧ ಮುಗಿದ ವರ್ಷ, ಕಣದಲ್ಲಿ ಹುಲ್ಲಿನ ಮೆದೆ ಹಾಕುವಾಗ ಅವಳು ಮೇಲಿನಿಂದ ಬಿದ್ದಳು. ಸೊಂಟ ಹೋಯಿತು. ಮಂಚದ ಸಮೇತ ಹೊತ್ತುಕೊಂಡು ಪೇಟೆಯ ಧರ್ಮಾಸ್ಪತ್ರೆಗೆ ಹೋದೆವು. ಆಗ ಇದ್ದ ಡಾಕ್ಟರು ಒಳ್ಳೆಯವರು, ಬೆನ್ನು ಮುಟ್ಟಿ ನೋಡಿ ಕಂದು ಬಣ್ಣದ ಔಷಧ ಬರೆದರು. ಅದು ಹೊಟ್ಟೆಗೆ ಹೋದ ಮೇಲೆ ಬೋಜಮ್ಮ ಎಷ್ಟೋ ದಿನಗಳ ನಂತರ ಮಲಗಿ ನಿದ್ದೆ ಮಾಡಿದಳು. ಅಂಥ ಡಾಕ್ಟರು ಲಂಡನ್ನಿನಲ್ಲೂ ಇಲ್ಲವೆಂದು ನಾನು ನಾಡೆಲ್ಲ ಸಾರಿದೆ. ಔಷಧ ಕೆಟ್ಟದ್ದೆಂದು ಇವತ್ತೂ ನಾನು ಹೇಳುತ್ತಿಲ್ಲ, ತಾವು ಗಮನಿಸಬೇಕು. ಹೊರಡುವಾಗ ಅವರು ಒಂದು ಮಾತು ಹೇಳಿದ್ದರು: “ಮುಗಿದ ಮೇಲೆ ಸೀಸೆ ಕಳಿಸಿ.” ಅಲ್ಲಿಂದ ಸೀಸೆ ಹೋಗುತ್ತಲೇ ಇದೆ.

ನಮ್ಮ ಕಡೆಯ ಪದ್ಧತಿ ತಮಗೆ ತಿಳಿದಿರಲಾರದು. ಸಂತೆಯ ದಿನ ನಮ್ಮ ಗದ್ದೆ ಕೆಲಸದ ನಿಂಗ ಮನೆಮನೆಯ ಸೀಸೆಗಳನ್ನು ಬಿದಿರು ಬುಟ್ಟಿಯಲ್ಲಿ ಹುಲ್ಲು ಹಾಸಿ ಜೋಡಿಸಿಕೊಂಡು ಪೇಟೆಗೆ ಹೋಗುತ್ತಾನೆ. ಒಂದೊಂದರ ಕತ್ತಿಗೆ ಒಂದೊಂದು ಬಣ್ಣದ ದಾರ, ನಮ್ಮದು ಕೆಂಪು. ಆಸ್ಪತ್ರೆಯ ಕಿಟಕಿಯಲ್ಲಿ ಕಾಂಪೌಂಡರು ಹೆಸರು ಕೇಳಿ, ಹಳೆಯದನ್ನೇ ತುಂಬಿ, ಅಳತೆಗೆ ಕಾಗದದ ಪಟ್ಟಿಯನ್ನು ಕಚ್ಚು ಕಚ್ಚಾಗಿ ಕತ್ತರಿಸಿ ಅಂಟಿಸಿ ಕೊಡುತ್ತಾರೆ. ಡಾಕ್ಟರುಗಳು ಬದಲಾದರು. ಕಾಂಪೌಂಡರುಗಳು ಬದಲಾದರು. ಸೀಸೆಯೂ ಎರಡು ಸಲ ಒಡೆದು ಬದಲಾಯಿತು. ಔಷಧ ಮಾತ್ರ ‘ಹಿಂದಿನಂತೆ’. ತಪ್ಪಾಯಿತು, ಒಂದು ಬದಲಾವಣೆ ಆಗಿದೆ. ಆರಂಭದ ಅಳತೆ ಸಾಲದೆಂದು ಅಕ್ಕ ನಿಂಗನಿಗೆ ಹೇಳಿದಳು, ನಿಂಗ ಕಿಟಕಿಯಲ್ಲಿ ಹೇಳಿದ, ಕಾಗದದ ಕಚ್ಚು ಅಗಲವಾಯಿತು. ಹೀಗೆ ಎಷ್ಟು ಸಲ ಆಯಿತೋ. ಉಳುಮೆ ಬಿಟ್ಟು ಬೇರೆ ವಿದ್ಯೆ ಕಲಿಯದ ನಿಂಗ ನನ್ನ ಅಕ್ಕನಿಗೆ ಇಷ್ಟು ವರ್ಷ ವೈದ್ಯ ಮಾಡಿದ್ದಾನೆ. ಅವನಿಗೆ ಸರ್ಕಾರ ಸಂಬಳ ಕೊಡದಿರುವುದು ಯಾವ ನ್ಯಾಯ?

ದನಗಳಿಗೆ ದೊಡ್ಡರೋಗ ಬಂದ ವರ್ಷ ಸರ್ಕಾರದವರೇ ಕೊಟ್ಟಿಗೆಗೆ ಬಂದು ಎತ್ತಿನ ಬಾಯಿ ತೆರೆದು ನೋಡಿದರು. ಅಫೀಮಿನ ಅಂಗಡಿಯವನು ಒಬ್ಬನಿಗೆ ಇಷ್ಟಕ್ಕಿಂತ ಹೆಚ್ಚು ಮಾರಿದರೆ ಹಿಡಿಯಲು ಅಬಕಾರಿಯವರು ಇದ್ದಾರೆ. ಬೋಜಮ್ಮನ ಬಾಯಿ ತೆರೆಸಿ ನೋಡುವ ಇಲಾಖೆ ಯಾವುದು? ತೋರಿಸಿದರೆ ಅರ್ಜಿಯನ್ನು ಅಲ್ಲಿಗೇ ಹಾಕುತ್ತೇನೆ.

ಅವಳಲ್ಲಿ ಏನು ಬದಲಾಯಿತೆಂದು ಹೇಳುವುದು ಕಷ್ಟ, ಏಕೆಂದರೆ ಒಂದೇ ದಿನದಲ್ಲಿ ಏನೂ ಬದಲಾಗಲಿಲ್ಲ. ಮೊದಲು ಹಾಡು ನಿಂತಿತು. ಆಮೇಲೆ ಅನ್ನ ಕಡಿಮೆಯಾಯಿತು. ಹಗಲು ಗೋಡೆಗೆ ಒರಗಿ ತೂಕಡಿಸುವುದು ಶುರುವಾಯಿತು. ನನ್ನ ಹುಲಿ ಹತ್ತು ಮೊಳವಾಯಿತು, ಹನ್ನೆರಡಾಯಿತು. ಒಳಗಿನಿಂದ ದನಿ ಬರಲಿಲ್ಲ. ಒಂದು ದಿನ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದಳು. ವಾಸನೆ ಬಂದು ನಾನು ಓಡಿದೆ.

“ಅಕ್ಕ, ಕೈ ಸುಡ್ತಾ ಉಂಟು!”

“ಹೌದಾ? ಆಗಲಿ” ಎಂದಳು.

ಎರಡು ವರ್ಷದ ಹಿಂದೆ ಸಣ್ಣಿ ಪಕ್ಕದ ಊರಿನ ಗಂಡನ ಮನೆಯಲ್ಲಿ ಹೆರಿಗೆಯಲ್ಲಿ ಹೋದಳು. ಸುದ್ದಿ ತಂದವನು ಅಂಗಳದಲ್ಲೇ ಅಳುತ್ತಾ ನಿಂತ. ಬೋಜಮ್ಮ ಅವನಿಗೆ ಕುಡಿಯಲು ನೀರು ಕೊಟ್ಟಳು. ಆಮೇಲೆ ನನ್ನನ್ನು ನೋಡಿ “ಸಂತೆ ಯಾವತ್ತು, ಮೊಣ್ಣ? ಔಷಧ ಮುಗೀತಾ ಬಂತು” ಎಂದಳು. ಹೆಣದ ಮುಂದೆ ಕುಳಿತಳು, ಅಳಲಿಲ್ಲ. ನೆಂಟರು ಏನೇನೋ ಮಾತಾಡಿಕೊಂಡರು. ಆ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಕರೆದೊಯ್ದವನು ನಾನು. ಇದನ್ನು ಬರೆಯುವಾಗ ನನಗೂ ಈಗ ಏನೂ ಅನ್ನಿಸುತ್ತಿಲ್ಲ. ನಾನಂತೂ ಔಷಧ ಕುಡಿದವನಲ್ಲ. ಒಂದೇ ಮನೆಯಲ್ಲಿ ಇದ್ದರೆ ಅಂಟುತ್ತದೋ ಏನೋ, ತಾವು ಓದಿದವರು, ತಿಳಿಸಬೇಕು.

ಈ ಮಳೆಗಾಲ ಕಳೆದ ಮೇಲೆ ನಾನೇ ಆಸ್ಪತ್ರೆಗೆ ಹೋದೆ. ಈಗಿನ ಡಾಕ್ಟರು ಪ್ರಾಯದವರು, ಕೆಲಸ ಜಾಸ್ತಿ, ಅವರ ಮೇಲೆ ನನಗೆ ಹಗೆ ಇಲ್ಲ.

“ನಿಮ್ಮ ಅಕ್ಕನಿಗೆ ನೋವು ಉಂಟೋ?” ಎಂದರು.

“ಇಲ್ಲ ಸ್ವಾಮಿ.”

“ಹಾಗಾದರೆ ಔಷಧ ಹಿಡಿದಿದೆ.”

“ಹಿಡಿದದ್ದು ಬಿಡ್ತಾನೇ ಇಲ್ಲ, ಅದಕ್ಕೇ ಬಂದದ್ದು.”

“ಅವರು ಏನಾದರೂ ತೊಂದರೆ ಹೇಳಿದ್ದಾರೋ?”

“ಎಂತದೂ ಹೇಳೋದಿಲ್ಲ. ಅದೇ ತೊಂದರೆ.”

ಡಾಕ್ಟರು ನಕ್ಕರು. ತೊಂದರೆ ಹೇಳದ ರೋಗಿ ತಮಗೆ ಅಪರೂಪ, ಅಂಥವರು ಇನ್ನೂ ನಾಲ್ಕು ಜನ ಬರಲಿ ಎಂದರು. ಮಾನ್ಯರೇ, ಯೋಚಿಸಿ. ದೂರು ಹೇಳುವ ನಾಲಗೆಯನ್ನೇ ಮಲಗಿಸುವ ಔಷಧದ ಮೇಲೆ ದೂರು ಬರುವುದು ಎಲ್ಲಿಂದ? ದೂರು ಬಂದಿಲ್ಲವೆಂಬುದನ್ನೇ ಗುಣವೆಂದು ತಿಳಿದರೆ, ಊರ ಸ್ಮಶಾನದಷ್ಟು ಗುಣವಾದ ಜಾಗ ಇನ್ನೊಂದಿಲ್ಲ.

ಹೊರಗೆ ಕಿಟಕಿಯ ಬಳಿ ಕಾಂಪೌಂಡರು ಮೆಲ್ಲಗೆ ಹೇಳಿದರು: “ಮಾವ, ಅದರಲ್ಲಿ ಅಫೀಮಿನ ಅರ್ಕ ಉಂಟು. ಇಷ್ಟು ವರ್ಷ ಕುಡಿದೋರು ಅಂದ್ರೆ ಮೈಗೆ ಅಭ್ಯಾಸ ಆಗಿರ್ತದೆ. ಕರ್ಕೊಂಡು ಬನ್ನಿ, ನೋಡದೆ ನಾವು ಎಂತ ಹೇಳೋದು?”

“ಗಾಡಿ ಕುಲುಕಿದ್ರೆ ಸೊಂಟ ತಡೆಯೋದಿಲ್ಲ ಮಾರಾಯ, ಮಂಚ ಹೊರೋಕೆ ಆಗಿನ ಹುಡುಗರು ಈಗ ಇಲ್ಲ. ನೋಡದೆ ಹೇಳೋಕಾಗೋದಿಲ್ಲ ಅಂತೀರಿ, ನೋಡದೆ ಕೊಡೋಕೆ ಹೆಂಗೆ ಆಗ್ತದೆ?”

ಒಳಗಿನಿಂದ ಡಾಕ್ಟರ ದನಿ ಬಂತು: “ರೋಗಿಯನ್ನು ನೋಡದೆ ಇಲ್ಲಿ ಯಾರಿಗೂ ಔಷಧ ಕೊಡುವ ಪದ್ಧತಿ ಇಲ್ಲ!”

ಪದ್ಧತಿ ಇಲ್ಲವೆಂದ ಮೇಲೆ ನೋಡಿಯೇ ಬಿಡಬೇಕಲ್ಲ. ಮುಂದಿನ ಸಂತೆಗೆ ಬೋಜಮ್ಮನ ಸೀಸೆಯ ಜೊತೆಗೆ ಇನ್ನೊಂದು ಖಾಲಿ ಸೀಸೆಗೆ ಬಾಳೆನಾರು ಕಟ್ಟಿ ನಿಂಗನ ಕೈಗೆ ಕೊಟ್ಟೆ. “ಇದು ಚಿನ್ನನದು. ಹಳೆಯ ಸೊಂಟನೋವು, ನಮ್ಮನೆಯ ಔಷಧವೇ ಸಾಕು ಅನ್ನು.”

ನಿಂಗ ಕೊಟ್ಟಿಗೆಯ ಕಡೆ ನೋಡಿದ. “ಗಂಡೋ ಹೆಣ್ಣೋ ಅಂತ ಕೇಳಿದ್ರೆ, ಮಾವ?”

“ಗಂಡು ಅನ್ನು. ಒಂದು ಕಾಲದಲ್ಲಿ ಆಗಿತ್ತು.”

“ವಯಸ್ಸು ಕೇಳಿದ್ರೆ?”

“ಬಂದು ಹಲ್ಲು ನೋಡ್ಲಿ.”

“ಕೆಲಸ ಎಂತ ಅಂದ್ರೆ?”

“ಗದ್ದೆ ಕೆಲಸ. ಸುಳ್ಳಲ್ಲವಲ್ಲ?”

ಸಂಜೆ ಎರಡು ಸೀಸೆಯೂ ತುಂಬಿ ಬಂದವು. ಏನು ಕೇಳಿದರೆಂದು ವಿಚಾರಿಸಿದೆ. “ಎಂತ ಕೇಳ್ಲಿಲ್ಲ ಮಾವ. ಸೀಸೆ ತೊಳೆದಿದ್ದೀಯಾ ಅಂದ್ರು, ಅಷ್ಟೇ” ಎಂದ ನಿಂಗ.

ನಾನು ಗೆದ್ದೆ. ಎಂಥ ಸಂತೋಷವಾಯಿತೆಂದರೆ, ಗೆದ್ದ ಅಮಲಿನಲ್ಲಿ ಬೋಜಮ್ಮನ ಸೀಸೆಯ ಬಿರಡೆ ಕಿತ್ತು ಔಷಧವನ್ನೆಲ್ಲ ಬಸಳೆಯ ಬುಡಕ್ಕೆ ಸುರಿದುಬಿಟ್ಟೆ. ಇನ್ನು ಈ ಮನೆಗೆ ಈ ವಿಷ ಬೇಡವೆಂದೆ. ಹುಲಿ ಹೊಡೆದವನಿಗೆ ಇದೊಂದು ದೊಡ್ಡ ಕೆಲಸವೇ?

ಮಾರನೆಯ ದಿನ ಅವಳಿಗೆ ಮೂಗು ಸೋರಿತು, ಮೈ ಬೆವರಿತು. ಆಮೇಲೆ ನಡುಕ, ವಾಂತಿ, ಕಾಲು ಒಂದು ಕಡೆ ನಿಲ್ಲದೆ ಹಾಸಿಗೆಯನ್ನು ಒದೆಯುವುದು. ಹಳೆಯ ಸೊಂಟನೋವು ಮರಿ ಹಾಕಿಕೊಂಡು ಬಂದಂತೆ ಬಂತು. ಅವಳು ನನ್ನನ್ನು ಬೈದಳು. “ಏ ಮೊಣ್ಣ, ಕಾಡುಬೆಕ್ಕು ಹೊಡೆದು ಹುಲಿ ಅಂದ ಕಳ್ಳ, ನನ್ನ ಔಷಧ ಎಲ್ಲಿ ಹಾಕಿದ್ದೀಯಾ?” ಮಾನ್ಯರೇ, ಎಷ್ಟೋ ವರ್ಷಗಳ ನಂತರ ನನ್ನ ಅಕ್ಕನ ದನಿ ಕೇಳಿದೆ. ಇನ್ನೂ ಬೈಯಲಿ ಎಂದು ಹತ್ತಿರ ಕುಳಿತೆ. ಅವಳು ಬೈಯುತ್ತಾ ಬೈಯುತ್ತಾ ನಿಲ್ಲಿಸಿದಳು, ಬಾಗಿಲ ಕಡೆ ನೋಡಿದಳು, “ಸಣ್ಣಿ ಹೋದಳಲ್ಲೋ” ಎಂದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು. ಎರಡು ವರ್ಷದ ಹಿಂದೆ ಸತ್ತ ಮಗಳಿಗೆ ತಾಯಿ ಅಂದು ಅತ್ತಳು. ಇಷ್ಟು ದಿನ ಆ ಅಳುವನ್ನು ತಮ್ಮ ಕಂದು ಔಷಧ ಎಲ್ಲಿಟ್ಟುಕೊಂಡಿತ್ತು?

ಅತ್ತ ಮೇಲೆ ಬೇಡಿದಳು. ನನ್ನ ಕಾಲು ಹಿಡಿದಳು. ನನಗಿಂತ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ನಾಡಿ ದಾರದ ಎಳೆಯಷ್ಟು ಸಣ್ಣಗಾಗಿ ಓಡುತ್ತಿತ್ತು, ನೀರು ಸಹ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಜೀವ ಹೋಗುತ್ತದೆಂದು ನನಗನ್ನಿಸಿತು. ಸಂತೆ ದೂರವಿತ್ತು. ಮನೆಯಲ್ಲಿ ಇದ್ದದ್ದು ಒಂದೇ ಸೀಸೆ, ಬಾಳೆನಾರು ಕಟ್ಟಿದ್ದು. ಎತ್ತಿನ ಹೆಸರಿನ ಔಷಧವನ್ನು ನನ್ನ ಕೈಯಾರೆ ಅಕ್ಕನ ಬಾಯಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಅಳುವೂ ನಿಂತಿತು. “ಈಗ ಹೆಂಗುಂಟು ಅಕ್ಕ?” ಎಂದು ಕೇಳಿದೆ.

“ಆಗಲಿ” ಎಂದಳು.

ಆ ಸೀಸೆ ಈಗ ತಳ ಕಾಣುತ್ತಿದೆ. ಕೊಡುತ್ತಾ ಹೋದರೆ ನನ್ನ ಅಕ್ಕ ಇಲ್ಲ. ನಿಲ್ಲಿಸಿದರೆ ಅಕ್ಕ ಬರುತ್ತಾಳೆ, ಆದರೆ ಬದುಕಿ ಉಳಿಯುತ್ತಾಳೋ ತಿಳಿಯದು. ಎಷ್ಟು ಇಳಿಸಬೇಕು, ಎಷ್ಟು ದಿನಕ್ಕೊಮ್ಮೆ ಇಳಿಸಬೇಕು, ಇಳಿಸಿದಾಗ ಸೊಂಟಕ್ಕೆ ಬೇರೆ ಏನು ಕೊಡಬೇಕು, ನಾಲ್ಕನೇ ತರಗತಿಯಲ್ಲಿ ಇದನ್ನು ಹೇಳಿಕೊಡಲಿಲ್ಲ. ಕೊಡಲು ಕಲಿತ ಆಸ್ಪತ್ರೆ ಬಿಡಿಸಲೂ ಕಲಿತಿರಬೇಕಲ್ಲವೇ?

ಆದ್ದರಿಂದ ತಮ್ಮಲ್ಲಿ ನನ್ನ ಹಕ್ಕೊತ್ತಾಯ. ನೋವಿಗೆಂದು ತಿಂಗಳುಗಟ್ಟಲೆ ಔಷಧ ಕುಡಿಯುವ ಯಾರದೇ ಸೀಸೆಯನ್ನಾಗಲಿ, ಆ ಮನುಷ್ಯನನ್ನು ಆಗಾಗ ಕಣ್ಣಾರೆ ನೋಡದೆ ತುಂಬಕೂಡದೆಂದು ಹುಕುಂ ಹೊರಡಿಸಬೇಕು. ಬರಲಾರದವರ ಮನೆಗೆ ಆಸ್ಪತ್ರೆಯೇ ಹೋಗಬೇಕು. ಹೋದವರು ನೋವು ಉಂಟೋ ಎಂದಷ್ಟೇ ಕೇಳಿ ಬರಬಾರದು. ಉಣ್ಣುತ್ತಾರೋ, ನಗುತ್ತಾರೋ, ಕೈ ಸುಟ್ಟರೆ ತಿಳಿಯುತ್ತದೋ, ಸತ್ತವರಿಗೆ ಅತ್ತರೋ ಎಂದು ಮನೆಯವರನ್ನೂ ಕೇಳಬೇಕು. ಅದಕ್ಕೂ ಮೊದಲು, ಬರುವ ಸಂತೆಯೊಳಗೆ, ತಾವು ನಮ್ಮ ಮನೆಗೆ ಬರಬೇಕು. ತಮ್ಮ ಮೋಟಾರು ನಮ್ಮ ಗದ್ದೆಯಾಚೆಯ ರಸ್ತೆಯಲ್ಲಿ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ಇಳಿದರೆ ಗದ್ದೆಯ ಏರಿಯ ಮೇಲೆ ನಡೆದು ಬರುವಷ್ಟೇ ದಾರಿ.

ಬಂದು ಅವಳ ಕಣ್ಣು, ನಾಡಿ ಎಲ್ಲ ತಮ್ಮ ವಿದ್ಯೆಯಂತೆ ನೋಡಿ. ಆಮೇಲೆ ಸ್ವಲ್ಪ ಹೊತ್ತು ಜಗಲಿಯಲ್ಲಿ ಕುಳಿತುಕೊಳ್ಳಿ. ನನಗೆ ಗೊತ್ತಿರುವ ಪರೀಕ್ಷೆ ಒಂದೇ, ಅದನ್ನು ನಾನು ಮಾಡುತ್ತೇನೆ: ಹುಲಿಯ ಕಥೆ ಹೇಳುತ್ತೇನೆ. ಒಳಗಿನಿಂದ ದನಿ ಬರುತ್ತದೋ ಇಲ್ಲವೋ ತಾವೇ ಕಿವಿಗೊಟ್ಟು ಕೇಳಿ. ಅದು ಬರುವವರೆಗೂ ತಮ್ಮ ಔಷಧ ಹಿಡಿದಿದೆ ಎಂದು ಬರೆಯಬೇಡಿ.

ಇಂತಿ, ಅಕ್ಕ ಒಂದು ಸಲ ಗದರಿಸಿದರೆ ಊರ ಮುಂದೆ ಒಪ್ಪಿಕೊಳ್ಳಲು ಸಿದ್ಧನಿರುವ,
ಕಾಡುಬೆಕ್ಕು ಹೊಡೆದ ಮೊಣ್ಣಪ್ಪ