ಬಲಗಡೆಯ ತಗಡು

ಬಾಲಿಕ್ಚಿ,
ಫೆಬ್ರವರಿ ೯

ಪ್ರೀತಿಯ ತಾಲಾಯ್ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಜಾನ್‌ನಲ್ಲಿ ಇಲ್ಲಿಗಿಂತ ಚಳಿ ಹೆಚ್ಚಂತೆ. ಗೋದಾಮಿನಲ್ಲಿ ದಿನವಿಡೀ ಪೆಟ್ಟಿಗೆ ಹೊತ್ತು ಬೆವತ ಮೈಯಲ್ಲಿ ಹಾಗೇ ಹೊರಗೆ ಬರಬೇಡ. ಅಮ್ಮ ಚೆನ್ನಾಗಿದ್ದಾಳೆ. ಅವಳು ಕಟ್ಟಿಕೊಟ್ಟ ಒಣಮೊಸರಿನ ಕುರುತ್ ಉಂಡೆಗಳನ್ನು ಗುಲ್ಸುನ್ ಅತ್ತೆ ಈ ಕಾಗದದ ಜೊತೆಗೇ ತರುತ್ತಾರೆ, ಎಲ್ಲವನ್ನೂ ಕೋಣೆಯ ಗೆಳೆಯರಿಗೆ ಹಂಚಿಬಿಡಬೇಡ. ಅಪ್ಪನ ಕಣ್ಣಿನ ಪೊರೆ ಇನ್ನಷ್ಟು ಬಲಿತಿದೆ. ಮೊನ್ನೆ ನಮ್ಮ ಕುರಿಯೆಂದುಕೊಂಡು ಪಕ್ಕದ ಮನೆಯ ನಾಯಿಯ ಮುಂದೆ ಹುಲ್ಲು ಹಾಕಿ, "ಯಾಕೋ ತಿಂತಿಲ್ಲ, ಹುಷಾರಿಲ್ವೇನೋ" ಅಂದರು. ನಾವು ನಕ್ಕೆವು. ನೀನಿದ್ದಿದ್ದರೆ ಅವರೂ ನಗುತ್ತಿದ್ದರು.

ಶುಕ್ರವಾರಗಳಂದು ನೀನು ಫೋನ್ ಮಾಡಿದಾಗ ನಾನು ಹವೆಯ ಸುದ್ದಿ ಮಾತ್ರ ಹೇಳುತ್ತೇನೆ. "ಐದು ವರ್ಷ ಸಾಹಿತ್ಯ ಓದಿದೋಳ ಬಾಯಲ್ಲಿ ಬರೀ ಗಾಳಿ, ಹಿಮ" ಎಂದು ಛೇಡಿಸುತ್ತೀಯ. ಹೇಳಬೇಕಾದದ್ದು ಬೇರೆಯೇ ಇದೆ ಅಣ್ಣಾ. ಬೇಸಿಗೆಯಿಂದ ಮುಚ್ಚಿಟ್ಟುಕೊಂಡಿದ್ದೇನೆ.

ಸಾತಾರ್ ಮಾವನ ದೋಣಿ ನೆನಪಿದೆಯಲ್ಲ, ಸರೋವರದೊಳಗಿನ ಮೀನಿನ ಪಂಜರಗಳಿಗೆ ಮೇವು ಒಯ್ಯಲು ನಮ್ಮಲ್ಲಿ ಅಲ್ಯುಮಿನಿಯಂನಲ್ಲಿ ಮಾಡಿಸಿದ್ದು. ಅದರ ಮೂತಿಯ ಎರಡು ಬಾಗುತಗಡುಗಳನ್ನು ಕೊಯ್ಯಲು ಅಪ್ಪ ನನಗೆ ಹೇಳಿದ್ದರು, ಗೆರೆಯ ಮೇಲೆ ನನ್ನ ಕೈ ನಿಲ್ಲುತ್ತದೆ ಎಂದು. ಅವರ ಕ್ರಮ ನಿನಗೆ ಬಾಯಿಪಾಠ. ಕತ್ತರಿಯಂತ್ರ ನೇರ ಗೆರೆಗಷ್ಟೇ. ಬಿಷ್ಕೆಕ್‌ನಲ್ಲಿ ಪ್ಲಾಸ್ಮಾ ಯಂತ್ರದಲ್ಲಿ ಕೊಯ್ಯಿಸಿದರೆ ಅಂಚನ್ನೆಲ್ಲ ಮತ್ತೆ ಕೆರೆಯಬೇಕು. ಬಾಗಿಗೆ ಗರಗಸವೇ ಆಗಬೇಕು, ಅಲಗಿಗೆ ಕುರಿಬಾಲದ ಕೊಬ್ಬು ಸವರಿ, ನಿಧಾನವಾಗಿ. ಆಮೇಲೆ ಜಿಡ್ಡು ತೊಳೆದು, ಅದಕ್ಕೆಂದೇ ಬೇರೆ ಇಟ್ಟ ಬ್ರಷ್ಷಿನಿಂದ ಉಜ್ಜಬೇಕು. ಕಬ್ಬಿಣ ಕೊಯ್ಯುವ ತಿರುಗುಚಕ್ರವನ್ನಂತೂ ಮುಟ್ಟುವ ಹಾಗಿಲ್ಲ. "ಚಕ್ರ ಕೊಯ್ಯಲ್ಲ ಕಣೇ, ಉಜ್ಜಿ ಕರಗಿಸುತ್ತೆ. ಬೆಳಿಗ್ಗೆ ತಿಂದಿದ್ದನ್ನೆಲ್ಲ ಅಂಚಲ್ಲಿ ಕಕ್ಕುತ್ತೆ. ಅದರ ಸಂಕಟ ಬೆಸೆಯೋನಿಗೆ" ಎನ್ನುತ್ತಾರೆ ಅಪ್ಪ. ಎಡಗಡೆಯ ತಗಡನ್ನು ಹಾಗೆಯೇ ಕೊಯ್ದೆ, ಒಂದೂವರೆ ಗಂಟೆ ಹಿಡಿಯಿತು. ಆಗಲೇ ಮೂರು ದಾಟಿತ್ತು. ನಾಲ್ಕಕ್ಕೆ ಕರಾಕೋಲ್‌ನ ವ್ಯಾನು, ಅಲ್ಲಿ ಮರುದಿನ ಬೆಳಿಗ್ಗೆ ಗ್ರಂಥಾಲಯದ ಕೆಲಸಕ್ಕೆ ಸಂದರ್ಶನ. ನೀನೂ ಅಪ್ಪನೂ ಊಟಕ್ಕೆ ಹೋಗಿದ್ದಿರಿ. ಬೆಳಿಗ್ಗೆ ಯಾರದೋ ಕಬ್ಬಿಣದ ಗೇಟು ಕೊಯ್ದಿದ್ದ ಚಕ್ರ ಮೇಜಿನ ಮೇಲೇ ಇತ್ತು. ಬಲಗಡೆಯ ತಗಡು ಹತ್ತು ನಿಮಿಷದಲ್ಲಿ ಮುಗಿಯಿತು. ಅಂಚನ್ನು ಅರದಿಂದ ತಿಕ್ಕಿ, ಎರಡಕ್ಕೂ ವ್ಯತ್ಯಾಸ ಕಾಣದ ಹಾಗೆ ಹೊಳೆಸಿದೆ. ನೀನು ಬಂದು, "ಎರಡೂ ಗರಗಸದ್ದೇ ತಾನೇ?" ಅಂದೆ. ನಾನು ತಲೆಯಾಡಿಸಿದೆ. ಸುಳ್ಳು ಹೇಳಲು ನನಗೆ ಮಾತು ಕೂಡ ಬೇಕಾಗಲಿಲ್ಲ. ಕರಾಕೋಲ್‌ನಲ್ಲಿ ಒಂದು ಪುಟ ಗಟ್ಟಿಯಾಗಿ ಓದು ಅಂದರು, ದನಿಯೇ ಹೊರಡಲಿಲ್ಲ. ಆ ಕೆಲಸವೂ ಸಿಗಲಿಲ್ಲ.

ವಾಪಸು ಬಂದ ಸಂಜೆ ನಿಮಗೆ ಚಹಾ ಬಗ್ಗಿಸುತ್ತಿದ್ದೆ. "ಎಡಗಡೆ ಬೆಸುಗೆ ಬೆಣ್ಣೆ ಥರ ಹೋಯ್ತು. ಬಲಗಡೆ ಮಾತ್ರ ಚಿಟಿಚಿಟಿ ಅಂತ ಮಸಿ ಕಾರುತ್ತೆ. ತಗಡಲ್ಲೇ ಏನೋ ಇದೆ ಅಪ್ಪಾ" ಎಂದು ನೀನು ಎರಡು ಸಲ ಹೇಳಿದೆ. ಅಪ್ಪ ಬಟ್ಟಲಿನಿಂದ ತಲೆ ಎತ್ತದೆ, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಅಂದರು. ನೀನು ಎದ್ದುಹೋಗಿ ಬೆಸುಗೆ ಕೆರೆದು ಮತ್ತೆ ಬೆಸೆದೆ. ಮೇಲುನೋಟಕ್ಕೆ ಎಲ್ಲ ಸರಿಹೋಯಿತು. ಸೆಪ್ಟೆಂಬರಿನಲ್ಲಿ ಬೆಸುಗೆ ಬಿರಿದು, ಸಾತಾರ್ ಮಾವ ಸೊಂಟದವರೆಗಿನ ನೀರಲ್ಲಿ ದೋಣಿ ಎಳೆದುಕೊಂಡು ಬಂದಾಗ ದಡದಲ್ಲಿ ಅರ್ಧ ಊರೇ ಇತ್ತು. "ದೋಣಿ ಮಾಡ್ಕೊಡು ಅಂದ್ರೆ ಜರಡಿ ಮಾಡ್ಕೊಟ್ಟಿದ್ದಾನೆ ಉಸ್ತಾದನ ಮಗ! ಹೆಂಗಸರೇ, ಹಿಟ್ಟು ತನ್ನಿ, ಸೋಸಿಕೊಡ್ತೀನಿ!" ಎಂದು ಮಾವ ಕೂಗಿದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಮನೆಗೆ ಬಂದು ನಿನ್ನ ಬೆಸುಗೆಯ ಮುಖವಾಡವನ್ನು ಮೊಳೆಗೆ ತೂಗಿಹಾಕಿ, "ಇನ್ಮೇಲೆ ಈ ಕೈ ನನ್ನ ತಗಡು ಮುಟ್ಟೋದು ಬೇಡ" ಅಂದರು. ಆಗ ನೀನು ನನ್ನನ್ನು ನೋಡಿದೆ. ಅನುಮಾನದಿಂದಲ್ಲ; ಇವಳಾದರೂ ನನ್ನ ಪರವಾಗಿ ಒಂದು ಮಾತಾಡುತ್ತಾಳೇನೋ ಎಂದು. ನಾನು ನೆಲ ನೋಡಿದೆ. ಆ ವಾರವೇ ನೀನು ಬಸ್ಸು ಹತ್ತಿದೆ.

ಬಿರಿದ ಬೆಸುಗೆಯನ್ನು ಅಪ್ಪ ಪಟ್ಟಿಯಾಗಿ ಕೊಯ್ದು ತೆಗೆದು ಕಾರ್ಖಾನೆಯ ಬಾಗಿಲಿಗೆ ತೂಗುಹಾಕಿದ್ದಾರೆ, ಕೆಟ್ಟ ಕೆಲಸ ಹೇಗಿರುತ್ತದೆಂದು ಬಂದವರು ನೋಡಲಿ ಎಂದು. ಈ ಚಳಿಗಾಲದ ತೇವಕ್ಕೆ ಅದರ ಒಂದು ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಎದ್ದಿವೆ. ಅಲ್ಯುಮಿನಿಯಂಗೆ ತುಕ್ಕು ಹಿಡಿಯುವುದಿಲ್ಲವಲ್ಲ ಅಣ್ಣಾ. ಅದು ಆ ಗೇಟಿನ ಕಬ್ಬಿಣ. ಅಪ್ಪನಿಗೆ ಕಾಣುವುದಿಲ್ಲ. ನನಗೆ ಪ್ರತಿದಿನ ಕಾಣುತ್ತದೆ, ಅದರ ಕೆಳಗೇ ಓಡಾಡುತ್ತೇನೆ. ಕೆಟ್ಟದ್ದು ನಿನ್ನ ಕೈಯಲ್ಲ, ನನ್ನ ಕೈ. ಕ್ಷಮಿಸು ಎಂದು ಬರೆಯಲು ನಾಚಿಕೆ. ಇಷ್ಟಾದ ಮೇಲೂ ನಿನ್ನಿಂದ ಏನೋ ಕೇಳಿದ ಹಾಗಾಗುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಧೈರ್ಯವಿಲ್ಲ.

ನಿನ್ನ ದಾರಿ ಬೆಳ್ಳಗಿರಲಿ ಎಂದು ಅಮ್ಮ ಹರಸಿದ್ದಾಳೆ. ಕೋಣೆಯವರಿಗೆಲ್ಲ ನನ್ನ ಸಲಾಮು.

ನಿನ್ನ ತಂಗಿ,
ಬುರುಲ್

ಮತ್ತೆ — ಸೋಮವಾರ ಬೆಳಿಗ್ಗೆ, ಗುಲ್ಸುನ್ ಅತ್ತೆಯ ವ್ಯಾನು ಹಾರ್ನ್ ಹೊಡೆಯುತ್ತಿದೆ. ಈ ಕಾಗದವನ್ನು ಈಗಷ್ಟೇ ಅಪ್ಪನಿಗೆ ಗಟ್ಟಿಯಾಗಿ ಓದಿದೆ, ಪೂರ್ತಿ. ಅಪ್ಪ ಆ ಪಟ್ಟಿಯನ್ನು ಕೆಳಗಿಳಿಸಿ ಅಂಚಿನ ಮೇಲೆ ಬಹಳ ಹೊತ್ತು ಹೆಬ್ಬೆರಳಾಡಿಸಿದರು. "ಅವನು ಹೇಳ್ದ. ನಾನು ಗಾದೆ ಹೇಳ್ದೆ" ಅಂದರು, ಅಷ್ಟೇ. ಆಮೇಲೆ ಗರಗಸಕ್ಕೆ ಕೊಬ್ಬು ಸವರಿ, ಕೈಯಲ್ಲೇ ತಡವಿ ಅಳೆದು, ಹೊಸ ತಗಡಿನಿಂದ ಬೆರಳುದ್ದದ ತುಂಡು ಕೊಯ್ದು ಕೊಟ್ಟರು. "ಬಾ ಅಂತ ಬರೀಬೇಡ, ಕರೆಯೋ ಮುಖ ನನಗಿಲ್ಲ. ಕಾಗದದ ಜೊತೆ ಇದನ್ನಿಡು." ಈಗ ಟೋಪಿ ಹಾಕಿಕೊಂಡು ಸಾತಾರ್ ಮಾವನ ಮನೆಗೆ ಹೊರಟಿದ್ದಾರೆ, ಕೈ ಹಿಡಿಯಲೂ ಬಿಡಲಿಲ್ಲ. ಗೇಟಿನವರೆಗೆ ಹೋದವರು ತಿರುಗಿ ಕೂಗಿದರು: "ತುಂಡಿಗೆ ಜಿಡ್ಡಿದೆ. ಬೆಸೆಯೋ ಮುಂಚೆ ತೊಳ್ಕೊಳ್ಳಲಿ ಅಂತ ಬರಿ."