ತಾಟು ಬೇರೆ, ಸೂಜಿ ಒಂದೇ

ಬಸವಕಲ್ಯಾಣ
೧೪–೮–೧೯೮೬

ಚಿ. ಸೌ. ಮೀರಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅವ್ವನೂ ಇದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಬರೀ ಇದ್ದೇವೆ ಎಂದೆ. ನಿನ್ನನ್ನು ಹುಮನಾಬಾದಿನಲ್ಲಿ ಬಿಟ್ಟು ಬಂದು ಇಪ್ಪತ್ತು ದಿನವಾಯಿತು. ಮರುದಿನವೇ ಬರೆಯುತ್ತೇನೆ ಎಂದಿದ್ದೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ನಿನ್ನ ಅವ್ವ, "ಮಗಳ ಮಾನ ಹೋಗಾಕತ್ತದ, ನೀವು ಕಾಗದ ಹರದು ಹರದು ಒಗಿಯಾಕತ್ತೀರಿ" ಎಂದು ಬೈದಳು. ತಡವಾಯಿತೆಂದು ಸಿಟ್ಟಾಗಬೇಡ. ಸಿಟ್ಟಾಗಲು ಬೇರೆ ಕಾರಣ ಮುಂದೆ ಸಿಗುತ್ತದೆ.

ಮೊದಲು ಕೆಲಸದ ಮಾತು. ನಿನ್ನ ರಕ್ತದ ರಿಪೋರ್ಟ್ ಹಿಡಿದುಕೊಂಡು ಸೋಲಾಪುರದ ದೊಡ್ಡ ಡಾಕ್ಟರನ್ನು ಕಂಡು ಬಂದೆ. ನಾನು ಕಂಪೌಂಡರ್ ಎಂದು ತಿಳಿದ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ನಿನಗಿರುವುದು ಹೆಪಟೈಟಿಸ್ ಬಿ. ಇದೂ ಒಂದು ಬಗೆಯ ಕಾಮಣಿಯೇ, ಆದರೆ ಕಣ್ಣು ಹಳದಿಯಾಗದೆ ವರ್ಷಗಟ್ಟಲೆ ರಕ್ತದಲ್ಲಿ ಸುಮ್ಮನೆ ಕುಳಿತಿರುತ್ತದಂತೆ. ಅದನ್ನು ಓಡಿಸುವ ಔಷಧ ಸದ್ಯಕ್ಕೆ ಅವರಲ್ಲಿಲ್ಲ. ನಿನ್ನ ಯಕೃತ್ತು ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುತ್ತಿರಬೇಕು. ನಿಮ್ಮತ್ತೆ ನಾರಾಯಣಪುರದಿಂದ ತರಿಸುವ ಬೇರಿನ ಕಷಾಯ ಕುಡಿಯಬೇಡ. ಕಾಮಣಿ ಇಳಿಸಲೆಂದು ಮುಂಗೈಗೆ ಬರೆ ಹಾಕಿಸಲು ಬಂದರೆ ಕೈ ಎಳೆದುಕೋ. ಅಳಿಯ ಏಕನಾಥನೂ ರಕ್ತ ತೋರಿಸಲಿ. ಒಟ್ಟಿಗೆ ಉಂಡರೆ, ಒಂದೇ ಗ್ಲಾಸಿನಲ್ಲಿ ನೀರು ಕುಡಿದರೆ ಇದು ಬರುವುದಿಲ್ಲ.

ಇನ್ನು ಕೂಸಿನ ಮಾತು. ಹೆರಿಗೆಯ ಹೊತ್ತಿಗೆ ನಿನ್ನ ರಕ್ತದಿಂದ ಅದಕ್ಕೆ ಅಂಟಬಹುದು. ಹುಟ್ಟಿದ ಹನ್ನೆರಡು ತಾಸಿನೊಳಗೆ ಎರಡು ಇಂಜೆಕ್ಷನ್ ಬಿದ್ದರೆ ಬಹಳ ಮಟ್ಟಿಗೆ ತಪ್ಪಿಸಬಹುದಂತೆ. ಡಾಕ್ಟರು ಮುಂಬಯಿಯಿಂದ ತರಿಸಿ ಇಡುತ್ತಾರೆ, ಆದರೆ ಹೆರಿಗೆ ಸೋಲಾಪುರದಲ್ಲೇ ಆಗಬೇಕು. ನಿನಗೆ ಆರು ತಿಂಗಳು ತುಂಬಿದೆ, ಇನ್ನು ತಡ ಮಾಡುವಂತಿಲ್ಲ.

ನಿನ್ನನ್ನು ಬಿಡಲು ಬಂದ ದಿನ ನಿಮ್ಮ ಮನೆಯಲ್ಲಿ ಏಕನಾಥನಿಗೆ ನಿನ್ನನ್ನು ಸೋಲಾಪುರದಲ್ಲಿ ತೋರಿಸುವ ಮಾತು ತೆಗೆದೆನಲ್ಲ, ಅವನು ಹೇಳಿದ್ದು ಇಷ್ಟು: "ಮಾಮಾ, ನನಗ ಆಕಿ ಮ್ಯಾಲ ಸಂಶಯ ಇಲ್ರಿ. ಖರೇ ಅವ್ವ ಕೇಳೋದಕ್ಕ ಒಂದು ಜವಾಬು ಬೇಕಲ್ರಿ. ಅಲ್ಲಿತನಕ ಎಲ್ಲಿಗೂ ಕಳಸಂಗಿಲ್ರಿ." ಸಂಶಯವಿಲ್ಲದವನಿಗೆ ಜವಾಬು ಯಾಕೆ ಬೇಕೋ ನನಗೆ ತಿಳಿಯಲಿಲ್ಲ.

ನಿಮ್ಮತ್ತೆ ಶಕುಂತಲಾಬಾಯಿಯವರ ಮಾತಂತೂ ಇನ್ನೂ ಕಿವಿಯಲ್ಲಿದೆ. "ನೋಡ್ರಿ ಬೀಗರ, ಆಕಿ ತಾಟ, ಗ್ಲಾಸ ಬ್ಯಾರೆ ಇಟ್ಟೀವಿ. ನಮ್ಮ ಮನ್ಯಾಗ ಇಂಥಾ ಬ್ಯಾನಿ ಇರಲಿಲ್ರಿ. ಎಲ್ಲಿಂದ ತಂದಾಳ, ಯಾರಿಂದ ತಂದಾಳ, ಮೊದ್ಲ ಅದನ್ನ ಹೇಳ್ರಿ." ಹೋದ ವರ್ಷ ಅವರದೇ ಆಪರೇಷನ್ನಿಗೆ ರಕ್ತ ಕೊಡಲು ನೀನು ತೋಳು ಚಾಚಿದ್ದೆ. ಹಾಗೆ ಚಾಚಿದ್ದಕ್ಕೇ ಬ್ಲಡ್ ಬ್ಯಾಂಕಿನವರು ಇದನ್ನು ಕಂಡುಹಿಡಿದರು. ಮನೆಯವರು ಯಾರೂ ಮುಂದೆ ಬರದಿದ್ದಾಗ ಸೊಸೆ ಬಂದಳು ಎಂಬುದು ಆ ತಾಯಿಗೆ ನೆನಪೇ ಇಲ್ಲ.

ಅಷ್ಟರಲ್ಲಿ ನಿಮ್ಮ ಓಣಿಯ ಸೂಜಿ ಹಾಕುವವ ಬಂದ. ನಿನಗೆ ತಾಕತ್ತಿನ ಸೂಜಿ ಹಾಕಿದ. ಆಗ ನಿಮ್ಮತ್ತೆ, "ನನಗೂ ಒಂದು ಹಾಕಪಾ, ಮೊಣಕಾಲು ಭಾಳ ನೋಯಾಕತ್ತಾವ" ಎಂದು ಸೆರಗು ಸರಿಸಿದರು. ಅವನು ಅದೇ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ ಅವರ ತೋಳಿಗೆ ಚುಚ್ಚಿದ. ನಿನ್ನ ಗ್ಲಾಸು ಮುಟ್ಟದ ಹೆಂಗಸು ನಿನ್ನ ರಕ್ತ ಹತ್ತಿದ ಸೂಜಿಯನ್ನು ತಾನೇ ಕೇಳಿ ಹಾಕಿಸಿಕೊಂಡಳು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ನಾನು ಎದುರಿಗೇ ಕುಳಿತಿದ್ದೆ. ಬೇಡ ಎನ್ನಲಿಲ್ಲ. ಬಾಗಿಲ ಸಂದಿಯಿಂದ ನೀನು ನನ್ನನ್ನೇ ನೋಡುತ್ತಿದ್ದೆ. ಯಾರಿಂದ ತಂದಳು ಎಂದು ಅವರು ಮತ್ತೆ ಕೇಳಿದಾಗ ನಾನು "ನನಗೇನು ಗೊತ್ರಿ" ಎಂದೆ. ನೀನು ಒಳಗೆ ಹೋದೆ.

ನಿಮ್ಮತ್ತೆಯೂ ರಕ್ತ ತೋರಿಸಲಿ ಎಂದು ನಾನು ಹೇಳಿದೆನೆಂದು ಹೇಳು. ಆ ಸೂಜಿಯವನನ್ನು ಮನೆಗೆ ಕರೆಯಬೇಡಿ. ಅವ್ವ ನಿನಗಾಗಿ ಶೇಂಗಾ ಹೋಳಿಗೆ ಮಾಡಿ ಬಸ್ಸಿನಲ್ಲಿ ಕಳಿಸಿದ್ದಾಳೆ. ಅದನ್ನು ಎಲ್ಲರ ಜೊತೆ ಕುಳಿತು ತಿನ್ನು. ನಿನ್ನ ಹೊಟ್ಟೆ ತಣ್ಣಗಿರಲಿ, ಕೂಸು ಗಟ್ಟಿಮುಟ್ಟಾಗಿ ಬರಲಿ.

ಇಂತಿ ನಿನ್ನ ಅಪ್ಪ,
ಮಹಾರುದ್ರಪ್ಪ

ತಾ.ಕ.: ಈ ಹಾಳೆಯನ್ನು ಏಕನಾಥನ ಕೈಗೆ ಕೊಡು. ನಿಮ್ಮತ್ತೆಗೆ ಗಟ್ಟಿಯಾಗಿ ಓದಿ ಹೇಳಲಿ. ಮೀರಾ ಈ ಬೇನೆಯನ್ನು ಯಾರಿಂದ ತಂದಳು ಎಂದು ಕೇಳಿದಿರಿ. ಅವಳ ಅಪ್ಪನ ಕೈಯಿಂದ ತಂದಳು. ಸೋಲಾಪುರದ ಡಾಕ್ಟರೂ "ಸಣ್ಣವಳಿದ್ದಾಗ ಸೂಜಿ ಯಾರು ಹಾಕುತ್ತಿದ್ದರು?" ಎಂದು ಕೇಳಿದರು. ನೆನಪಿಲ್ಲ ಎಂದೆ, ಸುಳ್ಳು ಹೇಳಿದೆ. ೧೯೬೭ನೇ ಇಸವಿ, ಸಂತೆಯ ದಿನ. ನಮ್ಮ ಡಾಕ್ಟರ್ ಖಮರುದ್ದೀನ್ ಸಾಹೇಬರು, "ಒಬ್ಬೊಬ್ಬರಿಗೂ ಇಪ್ಪತ್ತು ಮಿನಿಟ ಕುದಿಸಿ ಹಾಕು, ಮಂದಿ ಕಾಯಲಿ" ಎಂದು ಹೇಳಿಯೇ ಇಟ್ಟಿದ್ದರು. ಸೂಜಿ ಬೇಕು, ಈಗಲೇ ಬೇಕು ಎನ್ನುವ ಮಂದಿ. ನಾನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಒಂದೇ ಸೂಜಿ ಹಾಕುತ್ತ ಹೋದೆ. ನಮ್ಮ ಓಣಿಯ ಬಸವಣಪ್ಪನಿಗೆ ಹಾಕಿದೆ, ಅವನ ಕಣ್ಣು ಅರಿಶಿಣದ ಹಾಗಿದ್ದವು. ಮುಂದೆ ಹೊಟ್ಟೆಯಲ್ಲಿ ನೀರು ತುಂಬಿ ಸತ್ತ. ಅವನ ಹಿಂದೆಯೇ ನೀನು. ನಿನಗೆ ಐದು ವರ್ಷ, ಮೈಯಲ್ಲಿ ಜ್ವರ. ಎರಡು ತಿಂಗಳಿಗೆ ನೀನು ಅನ್ನ ಸೇರದೆ ಮಲಗಿದೆ, ದೃಷ್ಟಿ ತಾಗಿದೆ ಎಂದುಕೊಂಡೆವು. ಆ ದಿನ ಅವನ ಹಿಂದೆ ನಿನ್ನ ಸರತಿ ಇರಲೇ ಇಲ್ಲ, ಮೀರಾ. ನಿನ್ನ ಮುಂದೆ ಇನ್ನೂ ಆರು ಜನ ಇದ್ದರು. ಕಂಪೌಂಡರನ ಮಗಳು ಯಾಕೆ ಕಾಯಬೇಕು ಎಂದು ನಾನೇ ನಿನ್ನನ್ನು ಮುಂದೆ ಕರೆದೆ.